ಕೀಲು ಕೀಳಲ್ಲ

ಶುಕ್ರವಾರ ಸಂಜೆ ಏಳಕ್ಕೆ ಶಾಲೆಯ ವಾಟ್ಸಾಪ್ ಗ್ರೂಪಿಗೆ ಸರ್ಕ್ಯುಲರ್ ಬೀಳುತ್ತೆ: ಮುಂದಿನ ವಾರ ಫ್ಯಾನ್ಸಿ ಡ್ರೆಸ್, ರೋಬೋ ಅಥವಾ ಪ್ರಾಣಿ. ಏಳೂ ಐದಕ್ಕೆ ಮೊದಲ ಪ್ರಶ್ನೆ, ‘ಬಾಡಿಗೆಗೆ ಎಲ್ಲಿ ಸಿಗುತ್ತೆ?’ ಏಳೂ ಹತ್ತಕ್ಕೆ ಯಾರೋ ಪುಣ್ಯಾತ್ಮರು ಮೂರು ಅಂಗಡಿಗಳ ಲೊಕೇಶನ್ ಹಾಕ್ತಾರೆ. ಏಳೂಕಾಲಿಗೆ ಹೆಬ್ಬೆರಳುಗಳ ಸಾಲು, ಕೈಮುಗಿದ ಚಿತ್ರಗಳು, ವಿಷಯ ಮುಗೀತು. ಆ ಗ್ರೂಪಿನಲ್ಲಿರೋ ಅಪ್ಪ ಅಮ್ಮಂದಿರನ್ನ ಸುಮ್ಮನೆ ಒಮ್ಮೆ ಎಣಿಸಿ ನೋಡಿ. ಮುಕ್ಕಾಲು ಪಾಲು ಬಿ.ಇ., ಕೆಲವರು ಎಂ.ಟೆಕ್. ‘ಮಾಡೋದು ಹೇಗೆ?’ ಅಂತ ಕೇಳಿದವರು ಒಬ್ಬರೂ ಇಲ್ಲ.

ಬಾಡಿಗೆ ಅಂಗಡಿಯವರ ಮೇಲೆ ನನಗೇನೂ ಕೋಪವಿಲ್ಲ. ಅದು ಅವರ ಹೊಟ್ಟೆಪಾಡು. ಭರತನಾಟ್ಯದ ಸೆಟ್ಟು, ಕೃಷ್ಣನ ಕಿರೀಟ, ಒನಕೆ ಓಬವ್ವನ ಸೀರೆ, ಎಲ್ಲಾ ಇಟ್ಕೊಂಡಿರ್ತಾರೆ, ಬೇಕಾದವರು ಒಯ್ಯಲಿ. ನನ್ನ ತಕರಾರು ಅಲ್ಲಿಂದ ಬರುವ ‘ರೋಬೋ’ ಬಗ್ಗೆ, ‘ಯಂತ್ರದ ಡೈನೋಸಾರ್’ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಹೊತ್ತು ತರುವ ನಮ್ಮ ಬಗ್ಗೆ. ಆ ಡ್ರೆಸ್ ಒಮ್ಮೆ ಹತ್ತಿರದಿಂದ ನೋಡಿ. ಬೆಳ್ಳಿ ಬಣ್ಣದ ಬಟ್ಟೆ, ಎದೆ ಮೇಲೆ ಪ್ರಿಂಟ್ ಹೊಡೆದ ಗುಂಡಿಗಳು, ಒಂದಕ್ಕೊಂದು ಹಲ್ಲೇ ಕೂಡದ ಗೇರುಗಳ ಚಿತ್ರ. ಗುಂಡಿ ಒತ್ತಿದರೆ ಮಗುವಿನ ಹೊಟ್ಟೆ ಒಳಗೆ ಹೋಗುತ್ತೆ, ಅಷ್ಟೇ. ಡೈನೋಸಾರಿನ ಬಾಯಿ ಹೊಲಿದಿರುತ್ತೆ, ಬಾಲ ಸ್ಪಂಜು. ಮಗು ಅದರೊಳಗೆ ಇಳಿದು, ಬೆನ್ನ ಹಿಂದೆ ಜಿಪ್ ಎಳೆಸಿಕೊಂಡು, ಸ್ಟೇಜ್ ಹತ್ತಿ, ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ಸಾಲು ಹೇಳಿ ಇಳಿಯುತ್ತೆ. ಯಂತ್ರ ಅನ್ನೋ ಹೆಸರಿನಲ್ಲಿ ಏನೂ ಅಲ್ಲಾಡದ ಒಂದು ಚೀಲ.

ನಾನು ಹೇಳೋದು ಇಷ್ಟೇ. ಮಗು ಯಂತ್ರಪ್ರಾಣಿ ಆಗಬೇಕು ಅಂದ್ರೆ ಆ ಪ್ರಾಣಿ ಮನೆಯಲ್ಲೇ ಹುಟ್ಟಬೇಕು. ಅದರಲ್ಲಿ ಒಂದಾದರೂ ಭಾಗ ನಿಜಕ್ಕೂ ಅಲ್ಲಾಡಬೇಕು. ಅಲ್ಲಾಡುವ ಆ ಭಾಗವನ್ನು ಮಗುವೇ ಮಾಡಿರಬೇಕು. ಮಿಕ್ಕಿದ್ದು ಸೊಟ್ಟಗಿದ್ದರೂ ಸೈ, ಬಣ್ಣ ಸೋರಿದ್ದರೂ ಸೈ.

‘ಅಯ್ಯೋ, ಇದೆಲ್ಲಾ ಅಮೆರಿಕದವರ ಹ್ಯಾಲೋವೀನ್ ಹುಚ್ಚು, ನಮಗೆಲ್ಲಿಂದ ಬಂತು’ ಅಂತ ಒಬ್ಬರು ಹೇಳಿದರು. ನಮಗೆ ಎಲ್ಲಿಂದಲೂ ಬರಬೇಕಿಲ್ಲ ಸ್ವಾಮಿ, ನಮ್ಮಲ್ಲೇ ಇತ್ತು. ಕೀಲುಕುದುರೆ ಅನ್ನೋ ಹೆಸರನ್ನೇ ಬಿಡಿಸಿ ನೋಡಿ. ಕೀಲು ಅಂದ್ರೆ ಜಾಯಿಂಟು. ಮೂಳೆಗೂ ಕೀಲು, ಗಾಡಿಗೂ ಕೀಲು, ಬಾಗಿಲಿಗೂ ಕೀಲು. ಬಿದಿರಿನ ದಬ್ಬೆಯಿಂದ ಕುದುರೆಯ ಮೈ ಕಟ್ಟಿ, ಮೇಲೆ ಕಾಗದ ಬಟ್ಟೆ ಅಂಟಿಸಿ, ನಡುವೆ ಕಿಂಡಿ ಬಿಟ್ಟು, ಅದರೊಳಗೆ ಮನುಷ್ಯ ನಿಂತು ಕುಣಿಯೋದು. ಕಾಲು ಕಾಣದ ಹಾಗೆ ಸುತ್ತ ಬಟ್ಟೆಯ ನೆರಿಗೆ. ನೋಡುವವರಿಗೆ ರಾಜ ಕುದುರೆ ಏರಿ ಬಂದ ಹಾಗೆ, ಒಳಗಿರುವವನಿಗೆ ತಾನೇ ರಾಜ, ತಾನೇ ಕುದುರೆ. ತಮಿಳುನಾಡಿನಲ್ಲಿ ಇದರ ದಾಯಾದಿ ಪೊಯ್‌ಕಾಲ್ ಕುದಿರೈ, ರಾಜಸ್ಥಾನದಲ್ಲಿ ಕಚ್ಛೀ ಘೋಡಿ. ಗಾರುಡಿಗೊಂಬೆ ಗೊತ್ತಲ್ಲ? ಮೈಸೂರು ದಸರಾ ಮೆರವಣಿಗೆಯಲ್ಲಿ ಜನರ ತಲೆಗಳ ಮೇಲೆ ಓಲಾಡುತ್ತಾ ಬರುವ ದೈತ್ಯ ಮುಖ. ಅದೂ ಅಷ್ಟೇ, ಒಳಗೆ ಟೊಳ್ಳು ಬಿದಿರಿನ ಬುಟ್ಟಿ, ಹೆಗಲ ಮೇಲೆ ಭಾರ, ಹೊರಗೆ ನೋಡಲು ಸಣ್ಣ ಕಿಂಡಿ. ಭಾರ ಕತ್ತಿನ ಮೇಲೆ ಬೀಳಬಾರದು, ಹೆಗಲ ಮೇಲೆ ಬೀಳಬೇಕು ಅನ್ನೋದನ್ನ ಅದನ್ನು ಕಟ್ಟಿದವರು ಯಾವ ಸೆಮಿಸ್ಟರಿನಲ್ಲೂ ಓದಿ ಕಲಿತಿದ್ದಲ್ಲ.

2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ‘ವಾರ್ ಹಾರ್ಸ್’ ಅನ್ನೋ ನಾಟಕ ಶುರುವಾಯ್ತು. ಅದರಲ್ಲಿ ಆಳೆತ್ತರಕ್ಕೂ ಮಿಕ್ಕಿದ ಕುದುರೆ. ದಕ್ಷಿಣ ಆಫ್ರಿಕಾದ ಹ್ಯಾಂಡ್‌ಸ್ಪ್ರಿಂಗ್ ಅನ್ನೋ ಗೊಂಬೆಯಾಟದ ತಂಡ ಬೆತ್ತದಿಂದ ಕಟ್ಟಿದ್ದು. ಮೂರು ಜನ ಸೇರಿ ಅದನ್ನು ನಡೆಸ್ತಾರೆ, ಒಬ್ಬರು ತಲೆಗೆ, ಇಬ್ಬರು ಹೊಟ್ಟೆಯೊಳಗೆ. ಅದು ಉಸಿರಾಡುತ್ತೆ, ಕಿವಿ ನಿಮಿರಿಸುತ್ತೆ, ಬೆದರುತ್ತೆ. ಆ ವಿಡಿಯೋ ನಮ್ಮ ಆಫೀಸಿನಲ್ಲಿ ಒಬ್ಬರು ಶೇರ್ ಮಾಡಿದಾಗ ‘ವಾಟ್ ಇಂಜಿನಿಯರಿಂಗ್!’ ಅಂತ ಎಲ್ಲರೂ ಬಾಯಿ ಬಿಟ್ಟರು. ಸರಿ, ಅದಕ್ಕೆ ಆ ಮಾತು ಸಲ್ಲುತ್ತೆ. ಆದರೆ ಅದೇ ಜನ ಊರ ಜಾತ್ರೆಯಲ್ಲಿ ಕೀಲುಕುದುರೆ ಎದುರು ಬಂದರೆ ಒಂದು ಸೆಲ್ಫಿ ತಗೊಂಡು ‘ಫೋಕ್ ಆರ್ಟ್’ ಅಂತ ಹ್ಯಾಶ್‌ಟ್ಯಾಗ್ ಹಾಕಿ ಮುಂದೆ ಹೋಗ್ತಾರೆ. ಬೆತ್ತ ಲಂಡನ್ನಿನಲ್ಲಿ ಬಾಗಿದರೆ ಇಂಜಿನಿಯರಿಂಗು, ಬಿದಿರು ಮದ್ದೂರಿನಲ್ಲಿ ಬಾಗಿದರೆ ಜಾನಪದ. ಇದು ಯಾವ ಲೆಕ್ಕ?

ಈ ಲೆಕ್ಕದ ಬುಡದಲ್ಲಿ ಒಂದು ಹಳೇ ರೋಗ ಇದೆ. ಕೀಲು ಮಾಡೋದು ಕೀಳು ಅನ್ನೋ ರೋಗ. ಬಿದಿರು ಸೀಳಿ ಹೆಣೆಯೋದು ಮೇದರ ವಿದ್ಯೆ. ಕಬ್ಬಿಣ ಕಾಸೋದು ಕಮ್ಮಾರರದು, ಮರ ಕೂಡಿಸೋದು ಬಡಗಿಯದು. ಕೈಗೆ ಕೆಲಸ ಇದ್ದವರನ್ನೆಲ್ಲ ನಾವು ಜಾತಿ ಮಾಡಿ ಊರಿನ ಅಂಚಿಗೆ ಕೂರಿಸಿದೆವು. ಹನ್ನೆರಡನೇ ಶತಮಾನದ ಶರಣರಲ್ಲಿ ಬಿದಿರು ಕಾಯಕದ ಮೇದಾರ ಕೇತಯ್ಯನೂ ಇದ್ದ. ಬಸವ ಜಯಂತಿಗೆ ಕಾಯಕ ಅಂತ ಸ್ಟೇಟಸ್ ಹಾಕುವ ನಾವೇ ಮಗು ಕೈಗೆ ಕತ್ತರಿ ಕೊಡೋಕೆ ಹೆದರ್ತೀವಿ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಶಿಕ್ಷಣ ಕೊಡಿ ಅಂದರು. ನಾವು ಅದನ್ನು ಬಡವರ ಮಕ್ಕಳ ಶಾಲೆಗೆ ಅಂತ ಪಕ್ಕಕ್ಕಿಟ್ಟೆವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೇ ತರಗತಿಯ ನಡುವೆ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ತೋಟದ ಮಾಲಿ, ಕುಂಬಾರ ಇಂಥವರ ಹತ್ತಿರ ಕಲಿಯಲಿ ಅನ್ನುತ್ತೆ. ನಿಮ್ಮ ಮಗುವಿನ ಶಾಲೆಯಲ್ಲಿ ಆ ಹತ್ತು ದಿನ ಯಾವಾಗ ಅಂತ ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿ. ಉತ್ತರ ಬಂದರೆ ಸಂತೋಷ.

ಹಳ್ಳಿಯಿಂದ ಬಂದ ನಮ್ಮಂಥವರ ಕತೆ ಇನ್ನೂ ವಿಚಿತ್ರ. ನಮ್ಮ ಕಡೆ, ತುಮಕೂರಿನ ಆಚೆ, ತೆಂಗು ಅಡಿಕೆ ಸೀಮೆಯಲ್ಲಿ, ಮಕ್ಕಳಿಗೆ ಆಟಿಕೆ ಅಂಗಡಿ ಅಂತ ಒಂದು ಇರಲಿಲ್ಲ. ಹರಿದ ಹವಾಯಿ ಚಪ್ಪಲಿ ಕತ್ತರಿಸಿದರೆ ಗಾಲಿ. ತೆಂಗಿನ ಗರಿ ಮಡಚಿದರೆ ಗಿರಗಿಟ್ಲೆ. ಅಡಿಕೆ ಹಾಳೆ ಮೇಲೆ ಒಬ್ಬ ಕೂತರೆ ಇನ್ನೊಬ್ಬ ಎಳೆಯೋ ಗಾಡಿ. ಚಪ್ಪಲಿ ಗಾಲಿಗೆ ತೂತು ನಟ್ಟನಡುವೆ ಬೀಳದಿದ್ದರೆ ಗಾಡಿ ಕುಂಟುತ್ತೆ ಅನ್ನೋದು ನಮಗೆ ಆರು ವರ್ಷಕ್ಕೇ ಗೊತ್ತಿತ್ತು. ಹಾಗೆ ಬೆಳೆದವರು ಬಿ.ಇ. ಮಾಡಿದೆವು. ಮೊದಲ ವರ್ಷ ವರ್ಕ್‌ಶಾಪ್ ಲ್ಯಾಬಿನಲ್ಲಿ ಕಬ್ಬಿಣದ ಪಟ್ಟಿಯನ್ನು ಅರದಿಂದ ಉಜ್ಜಿ ಉಜ್ಜಿ ಒಂದಕ್ಕೊಂದು ಕೂರಿಸಿದೆವು. ಆಮೇಲೆ ಕೀಬೋರ್ಡಿನ ಮುಂದೆ ಕೂತವರು ಎದ್ದಿಲ್ಲ. ಕಾಸು ಬಂತು, ಫ್ಲಾಟ್ ಬಂತು. ಕುಕ್ಕರಿನ ಹಿಡಿ ಸಡಿಲವಾದರೆ ಆಪ್ ತೆಗೆದು ಒಬ್ಬ ಹುಡುಗನನ್ನ ಬುಕ್ ಮಾಡ್ತೀವಿ. ಇದನ್ನೇ ಪ್ರಗತಿ ಅಂತ ಅಂದ್ಕೊಂಡಿದ್ದೀವಿ. ಅಪ್ಪ ಅಮ್ಮ ಕೈ ಸವೆಸಿ ಓದಿಸಿದ್ದು ಮಗನ ಕೈ ಸವೆಯದಿರಲಿ ಅಂತ, ಅದು ಸರಿಯೇ. ಆದರೆ ಕೈಗೆ ಏನೂ ಗೊತ್ತಿರದಿರಲಿ ಅಂತ ಅವರು ಹರಕೆ ಹೊತ್ತಿದ್ದರಾ?

ಸರಿ, ಉಪದೇಶ ಸಾಕು, ಮಾಡೋದು ಹೇಗೆ ಅನ್ನೋದಕ್ಕೆ ಬರ್ತೀನಿ. ನನ್ನ ಮಗಳಿಗೆ ಏಳು ವರ್ಷ. ಅವಳಿಗೆ ಬೇಕಾಗಿದ್ದು ‘ಬಾಯಿ ತೆಗೆಯೋ ಕಬ್ಬಿಣದ ಡೈನೋಸಾರ್’. ನಮ್ಮ ಮನೆಯಲ್ಲಿ ಎರಡು ಸಂಜೆ, ಒಂದು ಭಾನುವಾರ ಹಿಡೀತು. ಸಾಮಾನು ಹೇಳ್ತೀನಿ ಕೇಳಿ: ವಾಷಿಂಗ್ ಮೆಷಿನ್ನಿನ ರಟ್ಟಿನ ಡಬ್ಬ, ಅವಳದೇ ಹಳೇ ಸ್ಕೂಲ್ ಬ್ಯಾಗು, ಮುರಿದ ಕೊಡೆಯ ಕಡ್ಡಿಗಳು, ಎರಡು ನಟ್ಟು ಬೋಲ್ಟು, ನಾಲ್ಕು ವಾಷರು, ನೀರಿನ ಬಾಟಲಿಯ ಮುಚ್ಚಳಗಳು, ಗಟ್ಟಿ ದಾರ, ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಕ್ಕ ಸೈಕಲ್ ಟ್ಯೂಬಿನ ತುಂಡು, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್. ಕಾಸು ಕೊಟ್ಟು ತಂದಿದ್ದು ಅಂದ್ರೆ ಬೋಲ್ಟು ಮತ್ತು ಅಂಟು.

ಮೊದಲ ಪಾಠ ರಟ್ಟಿನದು. ರಟ್ಟಿನ ಒಳಗೆ ಸಣ್ಣ ಸಣ್ಣ ಅಲೆಗಳಿವೆ, ಉದ್ದುದ್ದ ಕೊಳವೆ ಸಾಲಿಟ್ಟ ಹಾಗೆ. ಕೊಳವೆಯ ಗುಂಟ ಮಡಚಿದರೆ ಸಲೀಸಾಗಿ ಮಡಚುತ್ತೆ, ಅಡ್ಡ ಮಡಚಿದರೆ ಬಾಗಲ್ಲ. ಹಾಗಾಗಿ ಉದ್ದನೆಯ ದವಡೆಗೆ ಕೊಳವೆಗಳು ಉದ್ದಕ್ಕೇ ಬರುವ ಹಾಗೆ ಕತ್ತರಿಸಬೇಕು, ಇಲ್ಲದಿದ್ದರೆ ಡೈನೋಸಾರಿನ ಮೂತಿ ಜೋತುಬೀಳುತ್ತೆ. ಎರಡೂ ಕಡೆಯಿಂದ ಮಡಚಿ ನೋಡಲಿಕ್ಕೆ ಅಂಗೈಯಷ್ಟು ಎರಡು ತುಂಡು ಕೊಟ್ಟರೆ ಸಾಕು, ಏಳು ವರ್ಷದ ಮಗುವಿಗೆ ಇದು ಎರಡೇ ನಿಮಿಷದಲ್ಲಿ ಹೊಳೆಯುತ್ತೆ.

ಎರಡನೇದು ಭಾರ. ತಲೆಯನ್ನು ಮಗುವಿನ ತಲೆಗೆ ಕಟ್ಟಬೇಡಿ. ಹಳೇ ಬ್ಯಾಗಿನೊಳಗೆ ರಟ್ಟು ತುರುಕಿ, ಕೊಡೆಯ ಕಡ್ಡಿಗಳ ಕಟ್ಟನ್ನು ಅದಕ್ಕೆ ಬಿಗಿದು, ಪ್ರಾಣಿಯ ತಲೆಯನ್ನು ಆ ಕಡ್ಡಿಗಳ ಮೇಲೆ ನಿಲ್ಲಿಸಿ. ಕಡ್ಡಿಗಳ ಚೂಪು ತುದಿಗೆ ಟೇಪು ಸುತ್ತೋದು ಮರೀಬೇಡಿ. ಬ್ಯಾಗಿನ ಪಟ್ಟಿ ಎರಡೂ ಹೆಗಲಿಗೆ ಭಾರ ಹಂಚುತ್ತೆ. ಮಗುವಿನ ಮುಖ ಪ್ರಾಣಿಯ ಕತ್ತಿನಲ್ಲಿ, ಗಾಳಿಗೆ ತೆರೆದೇ ಇರುತ್ತೆ. ಗಾರುಡಿಗೊಂಬೆಯ ಹೆಗಲ ಲೆಕ್ಕವೇ ಇಲ್ಲೂ ನಡೆಯುತ್ತೆ.

ಮೂರನೇದು ಬಾಯಿ, ಅಂದ್ರೆ ಕೀಲು. ಕೆಳದವಡೆಯ ಹಿಂದಿನ ತುದಿಗೆ ಎರಡೂ ಕಡೆ ಬೋಲ್ಟು. ರಟ್ಟಿಗೆ ಬರೀ ತೂತು ಹಾಕಿದರೆ ನಾಲ್ಕು ಸಲ ಅಲ್ಲಾಡಿಸುವಷ್ಟರಲ್ಲಿ ಹರಿದು ಅಗಲ ಆಗುತ್ತೆ. ಅದಕ್ಕೇ ಬಾಟಲಿಯ ಮುಚ್ಚಳಕ್ಕೆ ತೂತು ಹಾಕಿ ಅಂಟಿಸಿ, ಅದರೊಳಗಿಂದ ಬೋಲ್ಟು ತೂರಿಸೋದು. ನಟ್ಟು ಪೂರ್ತಿ ಬಿಗಿದರೆ ದವಡೆ ಅಲ್ಲಾಡಲ್ಲ, ಸಡಿಲ ಬಿಟ್ಟರೆ ಕಳಚುತ್ತೆ. ಎಷ್ಟು ಬಿಗಿಯಬೇಕು ಅನ್ನೋದು ಬೆರಳಿಗೆ ಮಾತ್ರ ಗೊತ್ತಾಗೋದು, ಯಾವ ಯೂಟ್ಯೂಬೂ ಹೇಳಿಕೊಡಲ್ಲ.

ಆ ವಾರ ಊರಿಂದ ನಮ್ಮಪ್ಪ ಬಂದಿದ್ದರು. ಔಷಧಿ ಹೊಡೆಯೋ ಸ್ಪ್ರೇಯರಿನ ವಾಷರನ್ನ ಚಪ್ಪಲಿಯ ರಬ್ಬರಿನಿಂದ ಮಾಡ್ಕೊಳ್ಳೋ ಮನುಷ್ಯ. ಕೆಳದವಡೆಗೆ ದಾರ ಕಟ್ಟಿ, ಎಳೆದು ಬಾಯಿ ತೆಗೆಸಿ, ನಮ್ಮ ಹುಡುಗಿ ಕುಣೀತಿದ್ದಳು. ಅವರು ಕಾಫಿ ಲೋಟ ಕೆಳಗಿಟ್ಟು ಒಂದೇ ಮಾತು ಕೇಳಿದರು: ‘ಎಳ್ಯಾಕೆ ದಾರ ಐತೆ ಸರಿ ಕಣವ್ವಾ. ವಾಪಸ್ ಮುಚ್ಚಾಕೆ ಏನೈತೆ?’

ಮೆಕ್ಯಾನಿಕಲ್ ಇಂಜಿನಿಯರಿಂಗಿನ ಒಂದು ದೊಡ್ಡ ಪ್ರಶ್ನೆ ಅದು. ದಾರ ಎಳೆಯಬಲ್ಲದು, ತಳ್ಳಲಾರದು. ಹೋದದ್ದು ವಾಪಸ್ ಬರಬೇಕಾದರೆ ಯಾರೋ ತರಬೇಕು: ಸ್ಪ್ರಿಂಗು, ರಬ್ಬರು, ಇಲ್ಲಾ ಭೂಮಿಯ ಎಳೆತ. ಸೈಕಲ್ಲಿನ ಬ್ರೇಕ್ ಬಿಟ್ಟ ತಕ್ಷಣ ಗಾಲಿಯಿಂದ ಹಿಂದೆ ಸರಿಯೋದೂ ಸ್ಪ್ರಿಂಗಿನಿಂದಲೇ. ‘ತಾತಾ, ರಬ್ಬರ್ ಬ್ಯಾಂಡು?’ ಅಂದಳು. ‘ಅದು ಕಿತ್ತೋಯ್ತದೆ, ಟೂಬ್ ತತ್ತಾ’ ಅಂದರು. ಟ್ಯೂಬಿನ ಪಟ್ಟಿ ಮೇಲಿನ ದವಡೆಗೂ ಕೆಳಗಿನದಕ್ಕೂ ನಡುವೆ ಬಿತ್ತು. ದಾರ ಎಳೆದರೆ ಬಾಯಿ ತೆಗೆಯುತ್ತೆ, ಬಿಟ್ಟರೆ ಟಪ್ ಅಂತ ಮುಚ್ಚುತ್ತೆ.

ದಾರ ಎಲ್ಲಿ ಕಟ್ಟಬೇಕು ಅನ್ನೋದಕ್ಕೆ ಅವಳೇ ಮೂರು ತೂತು ಹಾಕಿದಳು, ಕೀಲಿನಿಂದ ಐದು, ಹತ್ತು, ಹದಿನೈದು ಸೆಂಟಿಮೀಟರಿಗೆ. ಹತ್ತಿರದ ತೂತಿನಲ್ಲಿ ಕೈ ಸ್ವಲ್ಪವೇ ಸರಿದರೂ ಬಾಯಿ ಅಗಲ ತೆಗೆಯುತ್ತೆ, ಆದರೆ ಬಲ ಹಾಕಿ ಜಗ್ಗಬೇಕು. ದೂರದ ತೂತಿನಲ್ಲಿ ಹಗುರ, ಆದರೆ ಕೈ ಮೊಣಕಾಲಿನವರೆಗೆ ಹೋಗಬೇಕು. ನಡುವಿನದನ್ನ ಆರಿಸಿಕೊಂಡಳು. ಸನ್ನೆಕೋಲಿನ ನಿಯಮ ಪಠ್ಯಪುಸ್ತಕದಲ್ಲಿ ಅವಳಿಗೆ ಸಿಗೋದು ಇನ್ನೂ ಎಷ್ಟೋ ವರ್ಷಕ್ಕೆ. ಸಿಕ್ಕಾಗ ಅದು ಹಳೇ ಪರಿಚಯದವರ ಹಾಗೆ ಕಾಣುತ್ತೆ. ನಾನು ಕೇಳ್ತಿರೋದು ಇಷ್ಟನ್ನೇ.

ಈಗ ಎರಡನೇ ಬಣದ ಕಡೆ ತಿರುಗೋಣ. ಬಾಡಿಗೆಗೆ ತರಲ್ಲ, ಮಾಡ್ತಾರೆ, ಆದರೆ ಅಪ್ಪನೇ ಮಾಡ್ತಾರೆ. ನಮ್ಮ ಜಾತಿಯ ಜನ ಇವರು, ಎಸ್.ಪಿ. ರೋಡಿಗೆ ಹೋಗಿ ಆರ್ಡುಯಿನೋ, ಸರ್ವೋ ಮೋಟಾರು, ಅಲ್ಟ್ರಾಸಾನಿಕ್ ಸೆನ್ಸರು, ಎಲ್‌ಇಡಿ ಪಟ್ಟಿ ತರುವವರು. ರಾತ್ರಿ ಎರಡರವರೆಗೆ ಕೂತು ಕೋಡ್ ಬರೀತಾರೆ. ಮಗು ಹತ್ತಿರ ಬಂದರೆ ‘ಮುಟ್ಟಬೇಡ, ವೈರ್ ಕಿತ್ತೋಗುತ್ತೆ’. ಕೊನೆಗೆ ಕಣ್ಣು ಮಿನುಗುವ, ತಾನೇ ಬಾಯಿ ತೆಗೆಯುವ ಅದ್ಭುತ ಪ್ರಾಣಿ ರೆಡಿ. ಮಗು ಅದಕ್ಕೆ ಹ್ಯಾಂಗರ್. ಲಿಂಕ್ಡ್‌ಇನ್ನಿನಲ್ಲಿ ಪೋಸ್ಟು, ಐನೂರು ಲೈಕು. ಬಾಡಿಗೆ ಡ್ರೆಸ್ಸಿಗೂ ಇದಕ್ಕೂ ಮಗುವಿನ ಪಾಲಿಗೆ ಏನು ವ್ಯತ್ಯಾಸ? ಅಲ್ಲಿ ಅಂಗಡಿಯವರದು, ಇಲ್ಲಿ ಅಪ್ಪನದು. ಅದರದು ಯಾವುದೂ ಅಲ್ಲ.

ಲೆಕ್ಕ ಬೇಕಾ, ಲೆಕ್ಕವನ್ನೇ ಹಾಕೋಣ. ಎಲ್ಲರೂ ಕೊಳ್ಳುವ ಎಸ್‌ಜಿ90 ಸರ್ವೋ ತೂಗೋದು ಒಂಬತ್ತು ಗ್ರಾಂ. 4.8 ವೋಲ್ಟಿನಲ್ಲಿ ಅದರ ಗರಿಷ್ಠ ಟಾರ್ಕ್ ಸುಮಾರು 1.8 ಕೆ.ಜಿ.-ಸೆಂ.ಮೀ., ಅದೂ ಅದು ಪೂರ್ತಿ ನಿಂತುಹೋಗುವ ಅಂಚಿನಲ್ಲಿ. ನೂರು ಗ್ರಾಮಿನ ದವಡೆ, ಅದರ ಭಾರದ ನಡುಬಿಂದು ಕೀಲಿನಿಂದ ಎಂಟು ಸೆಂಟಿಮೀಟರ್ ದೂರ ಇದ್ದರೆ, ಸುಮ್ಮನೆ ಹಿಡಿದು ನಿಲ್ಲಿಸಲಿಕ್ಕೇ 0.8 ಬೇಕು. ಫಾಯಿಲ್ಲು, ಹಲ್ಲು, ಬಣ್ಣ ಸೇರಿ ಭಾರ ಎರಡರಷ್ಟಾದರೆ 1.6. ಆಗ ಸರ್ವೋ ನಡುಗುತ್ತೆ, ಬಿಸಿಯಾಗುತ್ತೆ, ಬ್ಯಾಟರಿ ಕುಡಿಯುತ್ತೆ. ಇನ್ನೂ ದೊಡ್ಡ ಸರ್ವೋ ತಂದರೆ ಇನ್ನೂ ದೊಡ್ಡ ಬ್ಯಾಟರಿ, ಎಲ್ಲಾ ಮಗುವಿನ ಬೆನ್ನ ಮೇಲೆ. ಏಳು ವರ್ಷದ ಮಗುವಿನ ತೋಳಿಗೆ ಇದು ಲೆಕ್ಕಕ್ಕೇ ಇಲ್ಲದ ಕೆಲಸ. ಆ ತೋಳು ಪುಕ್ಕಟೆ, ಚಾರ್ಜ್ ಮಾಡಬೇಕಿಲ್ಲ, ಎದುರಿಗಿರುವವರು ಹೆದರಿದರೋ ಇಲ್ಲವೋ ನೋಡಿ ಆಮೇಲೆ ಬಾಯಿ ತೆಗೆಯುತ್ತೆ. ಅಂಥ ಸೆನ್ಸರ್ ಎಸ್.ಪಿ. ರೋಡಿನಲ್ಲಿ ಸಿಗಲ್ಲ.

ಮೋಟಾರು ಬೇಡವೇ ಬೇಡ ಅಂತಲ್ಲ. ಹನ್ನೆರಡು ವರ್ಷದ ಮಗು ತಾನೇ ಕೋಡ್ ಬರೆದು ಸರ್ವೋ ತಿರುಗಿಸ್ತೀನಿ ಅಂದರೆ ಅದಕ್ಕಿಂತ ಖುಷಿ ಏನಿದೆ. ತಿರುಗಿಸೋದು ಯಾರು ಅನ್ನೋದೇ ನನ್ನ ಪ್ರಶ್ನೆ. ‘ಸ್ಟೆಮ್ ಕಿಟ್’ ಅಂತ ಡಬ್ಬದಲ್ಲಿ ಮಾರೋದಕ್ಕೂ ಇದೇ ಮಾತು. ತೂತುಗಳನ್ನೆಲ್ಲ ಫ್ಯಾಕ್ಟರಿಯಲ್ಲೇ ಕೊರೆದು ಕಳಿಸಿದ ಮೇಲೆ ಮಗುವಿಗೆ ಉಳಿಯೋದು ನಂಬರ್ ನೋಡಿ ಸಿಕ್ಕಿಸೋದು ಮಾತ್ರ. ತೂತು ಎಲ್ಲಿ ಹಾಕಬೇಕು ಅನ್ನೋದೇ ಕೆಲಸ. ಅದನ್ನೇ ಕಿತ್ಕೊಂಡರೆ ಹೇಗೆ?

ಇನ್ನು ತಕರಾರುಗಳು. ‘ಟೈಮೆಲ್ಲಿದೆ?’ ಅನ್ನೋದು ಮೊದಲನೇದು. ಬಾಡಿಗೆ ಅಂಗಡಿಗೆ ಟ್ರಾಫಿಕ್ಕಿನಲ್ಲಿ ಹೋಗಿ, ಸೈಜ್ ನೋಡಿ, ಡಿಪಾಸಿಟ್ ಕಟ್ಟಿ, ವಾಪಸ್ ಕೊಡಲಿಕ್ಕೆ ಮತ್ತೆ ಹೋಗಿ, ಕಲೆ ಆಗಿದೆ ಅಂತ ಡಿಪಾಸಿಟ್ಟಿಗೆ ಜಗಳ ಆಡಿ ಬರುವ ಹೊತ್ತು ಲೆಕ್ಕ ಹಾಕಿ. ಬೆಂಗಳೂರಿನಲ್ಲಿ ಅದು ಒಂದು ದವಡೆಗಿಂತ ಕಡಿಮೆಯೇನಲ್ಲ. ನಿಜಕ್ಕೂ ಪುರುಸೊತ್ತಿಲ್ಲದವರು ಇದ್ದಾರೆ, ಎರಡು ಶಿಫ್ಟ್ ಮಾಡುವವರು, ಒಬ್ಬರೇ ಮಕ್ಕಳನ್ನು ಸಾಕುವವರು. ಅವರಿಗೆ ನಾನು ಏನೂ ಹೇಳ್ತಿಲ್ಲ. ಹೇಳ್ತಿರೋದು ರಾತ್ರಿ ಹನ್ನೊಂದಕ್ಕೆ ವೆಬ್ ಸೀರೀಸಿನ ಮೂರನೇ ಎಪಿಸೋಡ್ ಹಾಕುವವರಿಗೆ.

ಎರಡನೇದು ನನ್ನಾಕೆಯ ತಕರಾರು, ಇದಕ್ಕೆ ತೂಕ ಜಾಸ್ತಿ. ‘ಮನೆಯಲ್ಲೇ ಮಾಡಿ ಅಂತ ನೀನು ಬರೀತೀಯ. ಅದನ್ನು ಓದಿ ಗಂಡಂದಿರು ತಲೆದೂಗ್ತಾರೆ, ಮಾಡೋದು ಮಾತ್ರ ಹೆಂಡತಿ. ಪ್ರಾಜೆಕ್ಟು, ಚಾರ್ಟು, ಮಾಡೆಲ್ಲು, ಈಗ ಇದೊಂದು’ ಅಂದಳು. ಅವಳ ಮಾತಿಗೆ ಎದುರಾಡಲ್ಲ. ಅದಕ್ಕೇ ಇದನ್ನು ಅಪ್ಪಂದಿರಿಗೆ ಅಂತಲೇ ಬರೀತಿದ್ದೀನಿ. ಅಮ್ಮನಿಗೆ ಹೊಸ ಹೊರೆ ಆಗೋದಾದರೆ ಬಾಡಿಗೆಗೇ ತನ್ನಿ, ನನ್ನ ಒಪ್ಪಿಗೆ ಇದೆ. ಎರಡು ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಮಗುವಿನ ಜೊತೆ ನೆಲದ ಮೇಲೆ ಕೂರುವ ಅಪ್ಪ ಬೇಕು. ಆಮೇಲೆ ರಟ್ಟಿನ ಚೂರು ಗುಡಿಸುವ ಅಪ್ಪನೂ ಅವರೇ ಆಗಿರಬೇಕು.

ಮೂರನೇದು ಎಲ್ಲಕ್ಕಿಂತ ಕಷ್ಟದ್ದು. ‘ಮಿಕ್ಕ ಮಕ್ಕಳು ಮಿರಮಿರ ಮಿಂಚ್ತಾ ಬಂದಾಗ ನಮ್ಮ ಮಗು ರಟ್ಟು ಕಟ್ಕೊಂಡು ನಿಂತು ನಗೆಪಾಟಲು ಆದರೆ?’ ಆಗಬಹುದು. ಸುಳ್ಳು ಯಾಕೆ ಹೇಳಲಿ. ಮಕ್ಕಳು ನಗ್ತಾರೆ, ಕೆಲವು ಟೀಚರುಗಳೂ ನಗ್ತಾರೆ. ಆದರೆ ಬಾಯಿ ಟಪ್ ಅಂತ ಮುಚ್ಚಿದ ಮೇಲೆ ಯಾವ ಮಗುವೂ ಬರೀ ನಕ್ಕು ಸುಮ್ಮನಾಗಲ್ಲ, ‘ನಾನೊಂದ್ಸಲ ಎಳೀಲಾ?’ ಅಂತ ಹತ್ತಿರ ಬರುತ್ತೆ. ಬಾಡಿಗೆ ಡ್ರೆಸ್ಸಿನ ಮಕ್ಕಳೇ ಮೊದಲು ಬರೋದು. ಸ್ಟೇಜ್ ಮೇಲೆ ಕೆಟ್ಟುಹೋದರೆ? ಸ್ಪೀಲ್‌ಬರ್ಗ್‌ನ ‘ಜಾಸ್’ ಸಿನಿಮಾ 1975ರದು. ಅದಕ್ಕೆ ಕಟ್ಟಿದ ಯಂತ್ರದ ಶಾರ್ಕುಗಳು ಸಮುದ್ರದ ಉಪ್ಪುನೀರಿನಲ್ಲಿ ಮೇಲಿಂದ ಮೇಲೆ ಕೈಕೊಟ್ಟವು. ಶಾರ್ಕನ್ನು ಆದಷ್ಟೂ ಕಡಿಮೆ ತೋರಿಸಿ ಭಯ ಹುಟ್ಟಿಸುವ ದಾರಿ ಅವನು ಹುಡುಕಬೇಕಾಯ್ತು. ಕೋಟಿಗಟ್ಟಲೆ ಸುರಿದ ಯಂತ್ರವೇ ಕೆಡುತ್ತೆ ಅಂದ ಮೇಲೆ ರಟ್ಟಿನ ದವಡೆ ಯಾವ ಲೆಕ್ಕ. ದಾರ ಕಿತ್ತುಹೋದರೆ ಕೈಯಲ್ಲೇ ದವಡೆ ಹಿಡಿದು ಗುರ್ ಅನ್ನಲಿ. ತಾನು ಮಾಡಿದ್ದನ್ನು ತಾನೇ ರಿಪೇರಿ ಮಾಡುವ ಧೈರ್ಯ ಇರೋದು ಮಾಡಿದವರಿಗೆ ಮಾತ್ರ.

ಜೋಪಾನದ ಮಾತು ನಾಲ್ಕು ಹೇಳಲೇಬೇಕು. ಹಾಟ್ ಗ್ಲೂ ಗನ್ನು ಮತ್ತು ಕಟ್ಟರ್ ದೊಡ್ಡವರ ಕೈಯಲ್ಲಿರಲಿ, ಆ ಅಂಟು ಚರ್ಮಕ್ಕೆ ಬಿದ್ದರೆ ಬೊಬ್ಬೆ ಖಂಡಿತ. ಗುಂಡಿ ಸೆಲ್ ಹಾಕುವ ಲೈಟು ಬೇಡವೇ ಬೇಡ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಬಹುದು. ಕಣ್ಣು, ಮೂಗು, ಬಾಯಿ ಮುಚ್ಚಬೇಡಿ, ಕುತ್ತಿಗೆಗೆ ದಾರ ಸುತ್ತಬೇಡಿ, ಕಾಲು ಎರಡೂ ಬಿಡುವಾಗಿರಲಿ. ಇಡೀ ವೇಷ ಅರ್ಧ ನಿಮಿಷದಲ್ಲಿ ಕಳಚಿಡುವ ಹಾಗಿರಬೇಕು. ಯಾಕೆ ಅಂತ ಸ್ಟೇಜಿನ ಹಿಂದೆ ಸೂಸು ಬಂದ ಮಗುವನ್ನು ಎತ್ಕೊಂಡು ಓಡಿದವರನ್ನ ಕೇಳಿ.

ಕೊನೆಗೆ ಶಾಲೆಯವರಿಗೆ. ಈ ಬಾಡಿಗೆ ಸಂತೆ ನಡೀತಿರೋದು ನಿಮ್ಮ ಬಹುಮಾನಗಳಿಂದ. ಮೂರು ಜನ ತೀರ್ಪುಗಾರರು ದೂರದಲ್ಲಿ ಕೂತು ಯಾವುದು ಜಾಸ್ತಿ ಮಿಂಚುತ್ತೆ ಅಂತ ನೋಡಿದರೆ ಗೆಲ್ಲೋದು ಅಂಗಡಿಯೇ. ಸೆಪ್ಟೆಂಬರ್ 15ಕ್ಕೆ ಇಂಜಿನಿಯರುಗಳ ದಿನ ಮಾಡ್ತೀರಿ. ವರ್ಷವೂ ಮಕ್ಕಳು ಬಾಡಿಗೆ ಮೈಸೂರು ಪೇಟ ಇಟ್ಟು ವಿಶ್ವೇಶ್ವರಯ್ಯ ಆಗಿ ಬಂದು ಹುಟ್ಟಿದ ಊರು, ಬಿರುದುಗಳ ಪಟ್ಟಿ ಒಪ್ಪಿಸಿ ಹೋಗ್ತಾರೆ. ಆ ಮನುಷ್ಯ 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಕೂರಿಸಿದ್ದು ನೀರಿನ ಮಟ್ಟ ಏರಿದಾಗ ತಾನೇ ತೆರೆದುಕೊಳ್ಳುವ, ಇಳಿದಾಗ ತಾನೇ ಮುಚ್ಚುವ ಬಾಗಿಲು. ಅಂದರೆ ನಮ್ಮಪ್ಪ ಕೇಳಿದ ‘ವಾಪಸ್ ಮುಚ್ಚಾಕೆ ಏನೈತೆ’ ಅನ್ನೋ ಪ್ರಶ್ನೆಗೇ ಒಂದು ದೊಡ್ಡ ಉತ್ತರ. ಪೇಟದ ಬದಲು ಒಂದು ಮಗು ಬಕೆಟ್ಟು, ತೇಲುವ ಡಬ್ಬಿ, ದಾರ ಹಿಡ್ಕೊಂಡು ಬಂದು ಆ ಬಾಗಿಲನ್ನು ತೆರೆದು ಮುಚ್ಚಿ ತೋರಿಸಿದರೆ ನೀವು ಅದಕ್ಕೆ ಬಹುಮಾನ ಕೊಡ್ತೀರಾ, ಇಲ್ಲಾ ಸ್ಟೇಜ್ ಒದ್ದೆ ಆಯ್ತು ಅಂತ ಬೈತೀರಾ?

ನಿಯಮ ಒಂದೇ ಒಂದು ಬದಲಿಸಿ ಸಾಕು. ಪ್ರತಿ ಮಗುವಿಗೂ ಮೈಕಿನಲ್ಲಿ ಎರಡು ಪ್ರಶ್ನೆ ಕೇಳಿ: ‘ಇದರಲ್ಲಿ ಅಲ್ಲಾಡೋದು ಯಾವುದು? ಅದು ಹೇಗೆ ಅಲ್ಲಾಡುತ್ತೆ?’ ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಇಲ್ಲಾ ಬರೀ ಕೈ ತೋರಿಸಿಯೋ, ಉತ್ತರ ಹೇಳಿದ ಮಗುವಿಗೆ ಮಾರ್ಕ್ಸ್ ಕೊಡಿ. ಮಾರನೇ ವರ್ಷ ಬಾಡಿಗೆ ಅಂಗಡಿಯವರು ಪೇಟ, ಕಿರೀಟಕ್ಕಷ್ಟೇ ಉಳೀತಾರೆ. ಮನೆಗೆ ತಾತನೋ ಅಜ್ಜಿಯೋ ಬಂದಿದ್ದರೆ ಅವರನ್ನು ಟಿ.ವಿ. ಮುಂದೆ ಕೂರಿಸದೆ ರಟ್ಟಿನ ಮುಂದೆ ಕೂರಿಸಿ. ಅವರ ಕೈಯಲ್ಲಿ ಇನ್ನೂ ಒಂದಿಷ್ಟು ಕೀಲುಗಳು ಉಳಿದಿವೆ. ಕೇಳಿಸಿಕೊಳ್ಳುವವರು ಮನೆಯಲ್ಲೇ ಇರುವಾಗ ಅವರು ಅದನ್ನು ಯಾರಿಗೂ ಹೇಳದೆ ಹೋದರೆ, ಆ ನಷ್ಟಕ್ಕೆ ಡಿಪಾಸಿಟ್ ವಾಪಸ್ ಕೊಡುವ ಅಂಗಡಿ ಯಾವುದೂ ಇಲ್ಲ.